ಅಲೆಯುವ ಕುರಿಮಂದೆ ಶಿಕಾರಿಪುರದಲ್ಲಿ ನೆಲೆ ನಿಲ್ಲಬೇಕಾದರೆ ಮಳೆಗಾಲಕ್ಕೆ ಏನು ವ್ಯವಸ್ಥೆ?

ಹೊಲದ ಬದು (ಪ್ರಶ್ನೆ ಕೇಳಿದವರು; ಮುಂದಿನ ಹೆಸರುಗಳು ಉತ್ತರ ಕೊಟ್ಟವರದ್ದು)

ಚಳ್ಳಕೆರೆ ಸೀಮೆಯ ಮೂರು ಕುರಿಗಾಹಿ ಕುಟುಂಬಗಳು, ಅಣ್ಣತಮ್ಮಂದಿರು, ಸುಗ್ಗಿ ಮುಗಿದ ಮೇಲೆ ಪ್ರತಿವರ್ಷ ಶಿಕಾರಿಪುರದ ಕಡೆ ಮಂದೆ ಹೊಡೆದುಕೊಂಡು ಬರುತ್ತಿದ್ದವರು. ಈಗ ಇಲ್ಲೇ ಎರಡೂವರೆ ಎಕರೆ ಖುಷ್ಕಿ ಕೊಂಡಿದ್ದಾರೆ. ಕೊಳವೆಬಾವಿಯಲ್ಲಿ ಒಂದೂವರೆ ಇಂಚು ನೀರಿದೆ. ಮೂವರದ್ದೂ ಸೇರಿ 180 ಕುರಿ, ಹೆಚ್ಚಿನವು ಬಳ್ಳಾರಿ ತಳಿ, ಕೆಲವು ದಖನಿ. ಮಕ್ಕಳು ಶಾಲೆಗೆ ಹೋಗಲಿ, ವಯಸ್ಸಾದವರು ಒಂದು ಸೂರಿನ ಕೆಳಗಿರಲಿ, ಇನ್ನು ಗುಡಾರ ಹೊತ್ತು ತಿರುಗುವುದು ಬೇಡ ಎಂಬುದು ಅವರ ತೀರ್ಮಾನ.

ಇಷ್ಟು ವರ್ಷ ಮುಂಗಾರು ಹಿಡಿಯುವ ಮೊದಲೇ ಅವರು ಪೂರ್ವಕ್ಕೆ ಇಳಿದುಬಿಡುತ್ತಿದ್ದರು. ಆರಿದ್ರಾದಿಂದ ಆಶ್ಲೇಷಾವರೆಗಿನ (ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗಿನ) ಮಳೆಯನ್ನು ಮಂದೆ ಇಲ್ಲಿ ಕಂಡೇ ಇಲ್ಲ. ಇಷ್ಟು ಜಾಗದಲ್ಲಿ ಎಷ್ಟು ಕುರಿ ಉಳಿಸಿಕೊಳ್ಳಬಹುದು, ಕೊಟ್ಟಿಗೆ ಹೇಗಿರಬೇಕು, ಯಾವ ರೋಗಕ್ಕೆ ಯಾವಾಗ ತಯಾರಾಗಬೇಕು, ಕಾಗದಪತ್ರ ಏನೇನು? ತಿಳಿದವರು ಅಳತೆ ಸಮೇತ ಹೇಳಿ. ಇದೇ ಬೇಸಿಗೆಯಲ್ಲಿ ಕೆಲಸ ಶುರುವಾಗಬೇಕಿದೆ.

ಮಂದೆ ಲೆಕ್ಕ

ಮಂದೆ ಅಲೆಯುವುದು ಮೇವಿಗಾಗಿ ಮಾತ್ರ ಎಂದುಕೊಂಡರೆ ಲೆಕ್ಕ ಅಲ್ಲೇ ತಪ್ಪುತ್ತದೆ. ಅಲೆದಾಟ ಒಟ್ಟಿಗೆ ನಾಲ್ಕು ಕೆಲಸ ಮಾಡುತ್ತಿತ್ತು. ಮೇವು ಒದಗಿಸುತ್ತಿತ್ತು. ಹಿಕ್ಕೆಯೊಂದಿಗೆ ಬಿದ್ದ ಜಂತಿನ ಮೊಟ್ಟೆಗಳನ್ನು ಹಿಂದೆಯೇ ಬಿಟ್ಟು ಬರುತ್ತಿತ್ತು. ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆ ನಿಲ್ಲಿಸಿದ್ದಕ್ಕೆ ದವಸವನ್ನೋ ದುಡ್ಡನ್ನೋ ತರುತ್ತಿತ್ತು. ಜಡಿಮಳೆಯಿಂದ ತಪ್ಪಿಸುತ್ತಿತ್ತು. ನೆಲೆ ನಿಂತ ದಿನದಿಂದ ಈ ನಾಲ್ಕನ್ನೂ ಮನುಷ್ಯರೇ ಮಾಡಬೇಕು, ಅದಕ್ಕೆ ಆಳು, ನೀರು, ದುಡ್ಡು ಬೇಕು. ಅದಕ್ಕೇ 180 ಕುರಿ ಇಲ್ಲಿ ನಿಲ್ಲುವುದಿಲ್ಲ.

ಹೆಣ್ಣುಕುರಿಯೊಂದು ಸರಾಸರಿ 30 ಕಿಲೋ ತೂಗುತ್ತದೆ ಅನ್ನಿ. ದಿನಕ್ಕೆ ಮೈತೂಕದ ಶೇ. 3.5ರಿಂದ 4ರಷ್ಟು ಒಣ ಅಂಶ ಅದರ ಹೊಟ್ಟೆಗೆ ಬೀಳಬೇಕು, ಅಂದರೆ ಒಂದು ಕಿಲೋ ಮೇಲೆ ಸ್ವಲ್ಪ. ಇದನ್ನು 3 ಕಿಲೋ ಹಸಿಮೇವು, ಅರ್ಧ ಕಿಲೋ ಒಣಮೇವು, 150ರಿಂದ 200 ಗ್ರಾಂ ಹಿಂಡಿ-ಬೂಸಾದಲ್ಲಿ ತುಂಬಿಸಬಹುದು. 60 ಹೆಣ್ಣುಕುರಿ, 2 ಟಗರು, ಜೊತೆಗೆ ಸುಮಾರು 40 ಮರಿ ಇದ್ದರೆ ದಿನಕ್ಕೆ 225 ಕಿಲೋ ಹಸಿಮೇವು. ವರ್ಷಪೂರ್ತಿ ಕಟ್ಟಿ ಮೇಯಿಸಿದರೆ 82 ಟನ್ ಆಗುತ್ತದೆ. ಚೆನ್ನಾಗಿ ಬಂದ ನೇಪಿಯರ್ ಹುಲ್ಲು ಎಕರೆಗೆ ವರ್ಷಕ್ಕೆ 100 ಟನ್ ದಾಟುತ್ತದೆ ಎಂದು ಬೀಜದ ಕಡ್ಡಿ ಮಾರುವವರು ಹೇಳುತ್ತಾರೆ. ಮೊದಲ ವರ್ಷದ ಹೊಲಕ್ಕೆ 60 ಟನ್ ಎಂದೇ ಇಟ್ಟುಕೊಳ್ಳಿ. ಒಂದು ಎಕರೆ ನೇಪಿಯರ್, 20 ಗುಂಟೆ ಬೇಲಿಮೆಂತ್ಯ (ದ್ವಿದಳ ಮೇವಿನ ಬೆಳೆ), ಬದುವಿನ ಸುತ್ತ ಅಗಸೆ ಮತ್ತು ಗ್ಲಿರಿಸಿಡಿಯಾ ಮರ. ಸುಬಾಬುಲ್ ಹಾಕುವುದಾದರೆ ಹಸಿಮೇವಿನ ಮೂರನೇ ಒಂದು ಪಾಲು ಮೀರಬಾರದು. ಅದರಲ್ಲಿರುವ ಮೈಮೋಸಿನ್ ಹೆಚ್ಚಾದರೆ ಉಣ್ಣೆ ಉದುರುತ್ತದೆ, ಕುರಿ ಬಡವಾಗುತ್ತದೆ.

ಆದ್ದರಿಂದ 60 ಹೆಣ್ಣುಕುರಿ ಈ ಜಮೀನಿಗೆ ಗರಿಷ್ಠ. ಅದೂ ಬೇಸಿಗೆಯಲ್ಲಿ ಕೂಳೆ ಹೊಲಗಳಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಹೊರಗೆ ಮೇಯಲು ಸಿಕ್ಕಿದರೆ ಮಾತ್ರ ಹಗುರ.

ನನ್ನ ಸಲಹೆ: ಮನೆ ನೆಲೆ ನಿಲ್ಲಲಿ, ಮಂದೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಮೂವರಲ್ಲಿ ಒಬ್ಬರು ಸರದಿಯಂತೆ 80-100 ಕುರಿ ತೆಗೆದುಕೊಂಡು ಜೂನ್ ಮೊದಲ ವಾರ ಚಳ್ಳಕೆರೆಗೆ ಹೋಗಲಿ, ಸುಗ್ಗಿಗೆ ವಾಪಸ್ ಬರಲಿ. ಇಲ್ಲಿ ಮೊದಲ ಮಳೆಗಾಲಕ್ಕೆ 30 ಕುರಿ ಸಾಕು. ಅಲೆಮಾರಿ ಜೀವನ ಬಿಟ್ಟ ಬಹಳ ಸಮುದಾಯಗಳಲ್ಲಿ ಮನೆ ಮೊದಲು ನಿಂತಿದೆ, ದುಡಿಮೆ ಅಲೆಯುತ್ತಲೇ ಉಳಿದಿದೆ. ಶಿವಮೊಗ್ಗದ ಪಕ್ಕದ ಸದಾಶಿವಪುರದ ಹಕ್ಕಿಪಿಕ್ಕಿಗಳಿಗೆ ಮನೆ-ಶಾಲೆ ಊರಲ್ಲಿದೆ, ಗಿಡಮೂಲಿಕೆ ಎಣ್ಣೆಯ ವ್ಯಾಪಾರಕ್ಕೆ ದೇಶಾಂತರ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಹಕ್ಕಿಪಿಕ್ಕಿಗಳೂ ಇದ್ದುದು ಇದೇ ಕಾರಣಕ್ಕೆ. ಲಂಬಾಣಿಗರದ್ದು ಬೇರೆ ದಾರಿ. ಎತ್ತಿನ ಮೇಲೆ ಉಪ್ಪು-ದವಸ ಹೇರುವ ಕಸುಬನ್ನು ರೈಲು ಮತ್ತು ರಸ್ತೆ ಕಿತ್ತುಕೊಂಡ ಮೇಲೆ ತಾಂಡಾಗಳಲ್ಲಿ ನಿಲ್ಲಬೇಕಾಯಿತು. ಕಸುಬು ಕೈಯಲ್ಲಿರುವಾಗಲೇ ನಿಧಾನಕ್ಕೆ ನೆಲೆ ನಿಲ್ಲುವ ಅವಕಾಶ ನಿಮ್ಮವರಿಗಿದೆ. ಅದನ್ನು ಬಿಟ್ಟುಕೊಡಬಾರದು.

ಅಡಿಕೆ ದಬ್ಬೆ

ಕೊಟ್ಟಿಗೆ ವಿಷಯ. ನೆಲದ ಮೇಲೆ ಕುರಿ ಮಲಗಿಸುವ ಯೋಚನೆಯೇ ಬೇಡ. ಬಯಲುಸೀಮೆಯಲ್ಲಿ ಮುಳ್ಳುಬೇಲಿಯ ರೊಪ್ಪ ನಡೆಯುತ್ತದೆ, ಪುನರ್ವಸು-ಪುಷ್ಯ ಮಳೆಯಲ್ಲಿ ಇಲ್ಲಿ ಅದೇ ರೊಪ್ಪ ಒಂದು ವಾರಕ್ಕೆ ರಾಡಿ. ಅಟ್ಟದ ಕೊಟ್ಟಿಗೆಯೇ ಆಗಬೇಕು.

ಅಳತೆ: ಹೆಣ್ಣುಕುರಿಗೆ 10 ಚದರಡಿ, ಟಗರಿಗೆ 20, ಮರಿಗೆ 4. ಮಂದೆ ಲೆಕ್ಕ ಅವರು ಹೇಳಿದ 60+2+40ಕ್ಕೆ 800 ಚದರಡಿ, ಅಂದರೆ 20 ಅಡಿ ಅಗಲ, 40 ಅಡಿ ಉದ್ದ. ಈ ವರ್ಷ 30 ಕುರಿಯಷ್ಟೇ ಆದರೆ 20×20 ಕಟ್ಟಿ, ಮುಂದಕ್ಕೆ ಬೆಳೆಸುವ ಹಾಗೆ ಒಂದು ಗೋಡೆಯನ್ನು ಬಿಚ್ಚುವಂತೆ ಬಿಡಿ. ಉದ್ದ ಪೂರ್ವ-ಪಶ್ಚಿಮ. ಆಗ ಮಳೆಗಾಳಿ ಅಗಲ ಕಡಿಮೆ ಇರುವ ಪಶ್ಚಿಮದ ಬದಿಗೇ ಹೊಡೆಯುತ್ತದೆ. ಆ ಬದಿಯನ್ನು ಪೂರ್ತಿ ಮುಚ್ಚಿ. ದಕ್ಷಿಣದ ಬದಿಗೆ ಮೂರಡಿ ಮೇಲ್ಪಟ್ಟು ಸೋಗೆ ತಟ್ಟಿ, ಮಳೆ ನಿಂತಾಗ ಎತ್ತಿ ಕಟ್ಟುವ ಹಾಗಿರಲಿ. ಮಾಡಿನ ಅಂಚು ಮೂರಡಿ ಹೊರಗೆ ಚಾಚಿರದಿದ್ದರೆ ಎರಚಲು ಒಳಗೆ ಬರುತ್ತದೆ.

ಅಟ್ಟ ನೆಲದಿಂದ ಕನಿಷ್ಠ ನಾಲ್ಕಡಿ, ಐದಾದರೆ ಗೊಬ್ಬರ ತೆಗೆಯುವವರ ಬೆನ್ನು ಉಳಿಯುತ್ತದೆ. ಕಲ್ಲುಕಂಬ ಅಥವಾ ಕಾಂಕ್ರೀಟ್ ಕಂಬ ಆರಡಿಗೊಂದು. ಮರದ ಕಂಬ ಹಾಕಿದರೆ ಬುಡಕ್ಕೆ ಗೆದ್ದಲು ಹತ್ತುತ್ತದೆ, ಎರಡನೇ ಮಳೆಗಾಲಕ್ಕೇ ಒಂದು ಮೂಲೆ ಕುಸಿಯುತ್ತದೆ. ತೊಲೆಗಳ ನಡುವೆ ಒಂದೂವರೆ ಅಡಿ. ಅದರ ಮೇಲೆ ಎರಡಿಂಚು ಅಗಲದ ಪಟ್ಟಿ.

ಪಟ್ಟಿಗೆ ಮತ್ತಿ, ನಂದಿ ಮರ ಬಾಳಿಕೆ ಬರುತ್ತದೆ ಆದರೆ ದುಬಾರಿ. ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರ, ಅಗ್ಗ. ಬಲಿತ ಹಳೆಯ ಮರದ್ದೇ ಆಗಬೇಕು, ಒಳಗಿನ ತಿರುಳನ್ನು ಪೂರ್ತಿ ಕೆತ್ತಿ ತೆಗೆದು ಒಣಗಿಸಿರಬೇಕು. ತಿರುಳು ಉಳಿದರೆ ಉಚ್ಚೆ ಹೀರಿಕೊಂಡು ಕೊಳೆಯುತ್ತದೆ. ಗಟ್ಟಿ ಹೊರಮೈ ಮೇಲೆ ಬರಲಿ. ಎರಡು-ಮೂರು ವರ್ಷಕ್ಕೆ ಬದಲಿಸಲೇಬೇಕು. ಆದ್ದರಿಂದ ಮೊಳೆ ಹೊಡೆದು ಕೂರಿಸುವ ಬದಲು ನಾಲ್ಕಡಿ ಅಗಲದ ಚೌಕಟ್ಟುಗಳಾಗಿ ಕಟ್ಟಿ, ಒಂದೊಂದನ್ನೇ ಎತ್ತಿ ತೆಗೆಯುವಂತೆ ಮಾಡಿ.

ಎಲ್ಲರೂ ಎಡವುವುದು ಪಟ್ಟಿಗಳ ನಡುವಿನ ಸಂದಿನಲ್ಲಿ. ದೊಡ್ಡ ಕುರಿಗಳ ಕಡೆ ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು, ಮುಕ್ಕಾಲು ಇಂಚಿನೊಳಗೆ. ಮರಿಗಳ ಕಡೆ ಅರ್ಧ ಇಂಚು ಮೀರಬಾರದು. ಹೆಚ್ಚಾದರೆ ಗೊರಸು ಸಿಕ್ಕಿ ಕಾಲು ಮುರಿಯುತ್ತದೆ. ಕಡಿಮೆಯಾದರೆ ಹಿಕ್ಕೆ ಕೆಳಗೆ ಬೀಳದೆ ಮೇಲೇ ತುಳಿದು ಅಂಟಾಗುತ್ತದೆ, ಆಗ ಅಟ್ಟ ಕಟ್ಟಿದ ಪ್ರಯೋಜನವೇ ಇಲ್ಲ. ಒಂದೇ ಅಳತೆಯ ಮರದ ತುಂಡೊಂದನ್ನು ಇಟ್ಟುಕೊಂಡು ಪ್ರತಿ ಪಟ್ಟಿಗೂ ಅದನ್ನೇ ನಡುವೆ ಇಟ್ಟು ಕೂರಿಸಿ.

ಅಟ್ಟದ ಕೆಳಗೆ ಬರೀ ಮಣ್ಣು ಬಿಡಬೇಡಿ. ಇಳಿಜಾರಾಗಿ ದಮ್ಮಸು ಮಾಡಿ, ಸುತ್ತ ಒಂದಡಿಯ ಬಸಿಗಾಲುವೆ ತೆಗೆಯಿರಿ, ಕೆಳಗೆ ದರಗು (ಉದುರಿದ ಒಣ ಎಲೆ) ಅಥವಾ ಅಡಿಕೆ ಸಿಪ್ಪೆ ಅರ್ಧ ಅಡಿ ಹರಡಿ. ಹೊಲದಲ್ಲಿ ಮಂದೆ ನಿಂತಾಗ ಉಚ್ಚೆ ನೇರ ಮಣ್ಣಿಗೆ ಹೋಗುತ್ತಿತ್ತು, ಇಲ್ಲಿ ಹೀರುವ ವಸ್ತು ಇಲ್ಲದಿದ್ದರೆ ಅದರ ಸಾರಜನಕ ಗಾಳಿಗೆ ಹೋಗಿ ಕುರಿಯ ಕಣ್ಣು-ಮೂಗಿಗೆ ಘಾಟು ಹೊಡೆಯುತ್ತದೆ. ಕುರಿಗೊಬ್ಬರದಲ್ಲಿ ಸುಮಾರು ಶೇ. 3 ಸಾರಜನಕ, ಶೇ. 1 ರಂಜಕ, ಶೇ. 2 ಪೊಟ್ಯಾಷ್ ಇರುತ್ತದೆ. ಇಲ್ಲಿನ ಅಡಿಕೆ ತೋಟದವರು ಅದಕ್ಕೆ ಒಳ್ಳೆಯ ಬೆಲೆ ಕೊಡುತ್ತಾರೆ, ಒಣಗಿ ಪುಡಿಯಾಗಿರಬೇಕು ಅಷ್ಟೆ. ಮಂದೆ ನಿಲ್ಲಿಸಿ ಬರುತ್ತಿದ್ದ ಆದಾಯ ಈ ರೂಪದಲ್ಲಿ ಮರಳುತ್ತದೆ.

ಗೊರಸು

ಮೇಲಿನವರು ಕೊಟ್ಟಿಗೆ ಸರಿ ಹೇಳಿದ್ದಾರೆ. ಆದರೆ ಮೊದಲ ಎರಡು ವರ್ಷ ಕುರಿ ಸಾಯುವುದು ಹೆಚ್ಚಾಗಿ ಹೊಟ್ಟೆಯಿಂದ.

ಮೇವು ಬದಲಾವಣೆ: ದಿನಕ್ಕೆ ಎಂಟು ಗಂಟೆ ನಡೆದು ಆರಿಸಿ ತಿಂದ ಪ್ರಾಣಿಯನ್ನು ಒಮ್ಮೆಲೇ ಕಟ್ಟಿ ನೇಪಿಯರ್ ಮತ್ತು ಜೋಳದ ನುಚ್ಚು ಹಾಕಿದರೆ ಹೊಟ್ಟೆ ಹುಳಿಯಾಗುತ್ತದೆ. ಮೂರು ವಾರ ತೆಗೆದುಕೊಳ್ಳಿ. ಮೊದಲ ವಾರ ಮೇಯಲು ಆರು ಗಂಟೆ, ಎರಡನೇ ವಾರ ನಾಲ್ಕು, ಮೂರನೇ ವಾರ ಎರಡು. ಹಿಂಡಿ 50 ಗ್ರಾಂನಿಂದ ಶುರು, ನಾಲ್ಕು ದಿನಕ್ಕೊಮ್ಮೆ 25-30 ಗ್ರಾಂ ಏರಿಕೆ. ಮಳೆಗಾಲದ ಎಳೆಹುಲ್ಲಿನಲ್ಲಿ ನೀರೇ ಹೆಚ್ಚು, ಆದ್ದರಿಂದ ಬೆಳಿಗ್ಗೆ ಮೊದಲು ಒಣಮೇವು, ಆಮೇಲೆ ಹಸಿ. ಶೇಂಗಾ ಹೊಟ್ಟು, ಹುರುಳಿ ಹೊಟ್ಟು ಪೂರ್ವದಿಂದ ಮೇ ತಿಂಗಳಲ್ಲೇ ತರಿಸಿ ಮಳೆ ತಾಗದ ಕಡೆ ಎತ್ತರದಲ್ಲಿ ಹಾಕಿ. 62 ಕುರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಅರ್ಧದ ಬದಲು ಒಂದು ಕಿಲೋದಂತೆ ಏಳೂವರೆ ಟನ್ ಬೇಕು. ಬರೀ ಭತ್ತದ ಹುಲ್ಲಿನ ಮೇಲೆ ಕುರಿ ಬದುಕುವುದಿಲ್ಲ, ದನ ಬದುಕುತ್ತದೆ.

ಶಿಕಾರಿಪುರದಲ್ಲಿ ಮೆಕ್ಕೆಜೋಳ ಜಾಸ್ತಿ. ಕಟಾವಾದ ಹೊಲದಲ್ಲಿ ಉದುರಿದ ತೆನೆ, ಕಣದ ರಾಶಿ, ಎರಡೂ ಅಪಾಯ. ಕಾಳು ಹೊಟ್ಟೆತುಂಬ ತಿಂದ ಕುರಿ ಹನ್ನೆರಡು ಗಂಟೆಯೊಳಗೆ ಮಂಕಾಗಿ, ಹೊಟ್ಟೆ ಬಿಗಿದು, ಹುಳಿ ವಾಸನೆಯ ಭೇದಿ ಆಗುತ್ತದೆ. ತಕ್ಷಣಕ್ಕೆ 15-20 ಗ್ರಾಂ ಅಡಿಗೆ ಸೋಡ ಅರ್ಧ ಲೀಟರ್ ನೀರಲ್ಲಿ ಕಲಸಿ, ಶ್ವಾಸಕ್ಕೆ ಹೋಗದಂತೆ ನಿಧಾನ ಕುಡಿಸಿ, ವೈದ್ಯರನ್ನು ಕರೆಸಿ. ಕರುಳುಬೇನೆ ಬರುವುದೂ ಇಂಥ ಹಠಾತ್ ಮೇವಿನಿಂದಲೇ, ಹಾಗಾಗಿ ಅದರ ಲಸಿಕೆ ಏಪ್ರಿಲ್-ಮೇನಲ್ಲಿ ಪ್ರತಿವರ್ಷ. ಮೊದಲ ಸಲ ಹಾಕಿಸುವ ಮರಿಗೆ ಎರಡು-ಮೂರು ವಾರ ಬಿಟ್ಟು ಇನ್ನೊಂದು. ಗಳಲೆ ರೋಗದ್ದೂ ಮುಂಗಾರಿಗೆ ಮೊದಲು. ಪಿಪಿಆರ್ (ಕುರಿ-ಮೇಕೆಗಳಲ್ಲಿ ಹರಡುವ ವೈರಾಣು ರೋಗ) ಲಸಿಕೆ ಒಮ್ಮೆ ಹಾಕಿದರೆ ಮೂರು ವರ್ಷ.

ಈಗ ಜಂತು. ಬೆಚ್ಚಗಿನ ತೇವದಲ್ಲಿ ಹಿಕ್ಕೆಯಲ್ಲಿನ ಮೊಟ್ಟೆ ಐದರಿಂದ ಏಳು ದಿನಕ್ಕೆ ಸೋಂಕುವ ಮರಿಹುಳುವಾಗಿ ಹುಲ್ಲಿನ ಎಲೆ ಹತ್ತುತ್ತದೆ. ಅಲೆಯುವ ಮಂದೆ ಅಷ್ಟರಲ್ಲಿ ಮುಂದಿನ ಊರಲ್ಲಿರುತ್ತಿತ್ತು. ನಿಂತ ಮಂದೆ ತಾನು ಹಾಕಿದ ಹುಳುವನ್ನು ತಾನೇ ತಿನ್ನುತ್ತದೆ. ಮೇಯುವ ಜಾಗವನ್ನು ಎಂಟು ತುಂಡು ಮಾಡಿ, ಒಂದೊಂದರಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲಿಸಬೇಡಿ, ಒಂದು ತಿಂಗಳಿಗೆ ಮೊದಲು ಅಲ್ಲಿಗೆ ಮರಳಬೇಡಿ. ಅವರ ಹತ್ತಿರ ರಾತ್ರಿ ಮಂದೆಗೆ ಹಾಕುವ ಬಲೆ ಇದ್ದೇ ಇರುತ್ತದೆ, ಅದೇ ಸಾಕು. ಇಬ್ಬನಿ ಆರುವ ಮೊದಲು ಬಿಡಬೇಡಿ.

ಔಷಧಿಯನ್ನು ತಿಂಗಳಿಗೊಮ್ಮೆ ಎಲ್ಲಕ್ಕೂ ಕುಡಿಸುವ ಅಭ್ಯಾಸ ಕೆಟ್ಟದ್ದು, ಹುಳು ಬಗ್ಗದಂತಾಗುತ್ತದೆ. ಕಣ್ಣಿನ ಕೆಳರೆಪ್ಪೆ ಮಗುಚಿ ನೋಡಿ: ಕೆಂಪಿದ್ದರೆ ಬಿಡಿ, ಬಿಳಚಿದ್ದರೆ ಕೊಡಿ. ದವಡೆ ಕೆಳಗೆ ನೀರು ತುಂಬಿದ್ದರೆ ತಡವಾಗಿದೆ ಎಂದರ್ಥ. ತೂಕ ಕಣ್ಣಂದಾಜಿಗೆ ಹಾಕಬೇಡಿ. 30 ಕಿಲೋ ಕುರಿಗೆ ಫೆನ್‌ಬೆಂಡಜೋಲ್ 150 ಮಿ.ಗ್ರಾಂ ಬೇಕು, 20 ಕಿಲೋ ಎಂದು ತಿಳಿದು 100 ಕೊಟ್ಟರೆ ಬಲವಾದ ಹುಳುವನ್ನೇ ಆರಿಸಿ ಬೆಳೆಸಿದ ಹಾಗೆ.

ಗದ್ದೆ ಬದು, ಕೆರೆಯಂಗಳ: ಅಲ್ಲಿ ಬಸವನಹುಳುಗಳಿವೆ, ಅವುಗಳಿಂದ ಯಕೃತ್ತಿನ ಚಪ್ಪಟೆ ಹುಳು ಬರುತ್ತದೆ. ಚಳ್ಳಕೆರೆ ಕಡೆ ಇದು ಕಡಿಮೆ. ಮಳೆ ಹಿಂದೆ ಸರಿದು ಕೆರೆಯ ಅಂಚು ಹಸಿರಾದಾಗ ಕುರಿ ಅಲ್ಲಿಗೇ ಓಡುತ್ತದೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತಡೆಯಿರಿ. ನೀರನ್ನು ತೊಟ್ಟಿಯಲ್ಲೇ ಕೊಡಿ. ಟ್ರೈಕ್ಲಾಬೆಂಡಜೋಲ್ ಕಿಲೋಗೆ 10 ಮಿ.ಗ್ರಾಂ, ಎಳೆಯ ಹುಳುವಿಗೂ ಹಿಡಿಯುತ್ತದೆ. ಆಕ್ಸಿಕ್ಲೋಜನೈಡ್ ಕಿಲೋಗೆ 15, ಬಲಿತ ಹುಳುವಿಗೆ ಮಾತ್ರ. ಯಾವುದು ಬೇಕೆಂದು ಹಿಕ್ಕೆ ಪರೀಕ್ಷೆ ಮಾಡಿಸಿ ಪಶುವೈದ್ಯರ ಚೀಟಿಯಂತೆ ಕೊಡಿ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ.

ಗೊರಸು ಕೊಳೆತಕ್ಕೆ ಸತುವಿನ ಸಲ್ಫೇಟ್ ಸ್ನಾನ. ಬಾಗಿಲ ಬಳಿ 8 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅರ್ಧ ಅಡಿ ಆಳದ ಸಿಮೆಂಟ್ ತೊಟ್ಟಿ. 10 ಲೀಟರಿಗೆ 1 ಕಿಲೋ, ದ್ರಾವಣ ಮೂರಿಂಚು ಎತ್ತರ, ಹತ್ತು ನಿಮಿಷ ನಿಲ್ಲಿಸಿ. ಮೊದಲು ಗೊರಸಿನ ಕೆಸರು ತೊಳೆಯದಿದ್ದರೆ ಔಷಧಿ ಒಳಗಿಳಿಯುವುದಿಲ್ಲ. ಮೈಲುತುತ್ತ (ತಾಮ್ರದ ಸಲ್ಫೇಟ್) ಬಳಸಬೇಡಿ.

ನೀಲಿ ನಾಲಿಗೆ ರೋಗ ಮಳೆ ಕಳೆದ ಮೇಲೆ. ಅದನ್ನು ಹರಡುವ ಸಣ್ಣ ನುಸಿ ಒದ್ದೆ ಗೊಬ್ಬರದಲ್ಲೇ ಮೊಟ್ಟೆಯಿಡುತ್ತದೆ. ಅಟ್ಟದ ಕೆಳಗಿನದನ್ನು 15 ದಿನಕ್ಕೊಮ್ಮೆ ತೆಗೆದು ದೂರ ಮುಚ್ಚಿಡಿ, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ.

ಹೊಲದ ಬದು

ಬಹಳ ಉಪಕಾರವಾಯಿತು. ಇನ್ನೆರಡು ವಿಷಯ. ಪಕ್ಕದ ಅಡಿಕೆ ತೋಟದವರು ಕಳೆ ಹತೋಟಿಗೆಂದು ಮಳೆಗಾಲದಲ್ಲೂ ತೋಟದೊಳಗೆ ಕುರಿ ಬಿಡಿ ಎನ್ನುತ್ತಿದ್ದಾರೆ, ಮೇವಿನ ಖರ್ಚು ಇಳಿಯುತ್ತದೆ. ಬೇಸಿಗೆಯಲ್ಲಿ ಸೊರಬದ ಕಡೆ ಕಾನಿನ (ದಟ್ಟ ಕಾಡಿನ) ಅಂಚಿಗೆ ಹೋಗುವ ಯೋಚನೆಯೂ ಇದೆ. ಮೈಲುತುತ್ತ ಬೇಡ ಎಂದಿದ್ದು ಏಕೆ?

ಗೊರಸು

ತೋಟಕ್ಕೆ ಬಿಡಬೇಡಿ, ಮಳೆಗಾಲದಲ್ಲಂತೂ ಸುತರಾಂ ಬೇಡ. ಅಡಿಕೆಯ ಕೊಳೆ ರೋಗಕ್ಕೆ ಮುಂಗಾರಿನ ಮೊದಲು ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಗೊನೆಗೆ ಹೊಡೆದದ್ದು ತೊಟ್ಟಿಕ್ಕಿ ಕೆಳಗಿನ ಹುಲ್ಲಿನ ಮೇಲೆ ಬೀಳುತ್ತದೆ. ದನಕ್ಕಿಂತ ಕುರಿಗೆ ತಾಮ್ರ ಬಹಳ ಬೇಗ ವಿಷವಾಗುತ್ತದೆ. ಯಕೃತ್ತಿನಲ್ಲಿ ವಾರಗಟ್ಟಲೆ ಶೇಖರವಾಗುತ್ತಾ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಒಂದು ದಿನ ಮೂತ್ರ ಕೆಂಪು-ಕಪ್ಪಾಗಿ, ಕಣ್ಣು ಹಳದಿಯಾಗಿ ಒಂದೆರಡು ದಿನದಲ್ಲಿ ಸಾಯುತ್ತದೆ. ದನದ ಖನಿಜ ಮಿಶ್ರಣವನ್ನು ಕುರಿಗೆ ಹಾಕಬಾರದು ಎನ್ನುವುದೂ ಇದಕ್ಕೇ. ಕುರಿಯದ್ದೇ ಬೇರೆ ಸಿಗುತ್ತದೆ, ಚೀಲದ ಮೇಲೆ ನೋಡಿ ಕೊಳ್ಳಿ. ತೋಟದವರಿಗೆ ಕಳೆ ತೆಗೆಸಲೇಬೇಕಿದ್ದರೆ ಸಿಂಪಡಣೆ ಇಲ್ಲದ ಮಾವಿನ ತೋಪು, ಸಿಲ್ವರ್ ಓಕ್ ಸಾಲು ಇಂಥ ಕಡೆ ಕೊಡಲಿ.

ಕಾನಂಚು

ಕಾನಿನ ವಿಷಯಕ್ಕೆ ನಾನು ಹೇಳುತ್ತೇನೆ. ಡಿಸೆಂಬರ್‌ನಿಂದ ಮೇ ಕೊನೆವರೆಗೆ ಮಂಗನ ಕಾಯಿಲೆಯ ಕಾಲ. ಆ ರೋಗ ಮೊದಲು ಗುರುತಾದದ್ದೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಡಿತದಿಂದ ಬರುತ್ತದೆ, ಜಾನುವಾರಿನ ಮೈಮೇಲೆ ಉಣುಗು ಮನೆಯವರೆಗೂ ಸವಾರಿ ಮಾಡುತ್ತದೆ. ಬಯಲುಸೀಮೆಯಿಂದ ಬಂದವರಿಗೆ ಈ ರೋಗದ ಅಂದಾಜೇ ಇರುವುದಿಲ್ಲ. ಕಾಡಂಚಿಗೆ ಹೋಗಲೇಬೇಕಾದರೆ ಕಾಲು-ಕೈಗೆ ಆರೋಗ್ಯ ಇಲಾಖೆ ಕೊಡುವ, ಉಣುಗು ದೂರವಿಡುವ ಡೆಪಾ ಎಣ್ಣೆ, ಮೈಮುಚ್ಚುವ ಬಟ್ಟೆ, ಬಂದಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ದರಗಿನ ಮೇಲೆ ಕೂರಬಾರದು, ಕೊಟ್ಟಿಗೆಗೆ ಬೇಕಾದ ದರಗನ್ನೂ ಈ ತಿಂಗಳುಗಳಲ್ಲಿ ಕಾಡಿನಿಂದ ತರಬಾರದು, ಅಡಿಕೆ ಸಿಪ್ಪೆಯೇ ಒಳ್ಳೆಯದು. ಮಂಗ ಸತ್ತುಬಿದ್ದದ್ದು ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರದ ಜೊತೆ ವಿಪರೀತ ತಲೆನೋವು, ಮೈಕೈ ನೋವು ಇದ್ದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಇನ್ನೊಂದು ಮಾತು, ಹಳ್ಳಿಯ ಸಂಬಂಧದ್ದು. ಸೊರಬ-ಸಾಗರದ ಕಡೆ ಖಾಲಿ ಕಂಡ ಬೆಟ್ಟವೆಲ್ಲ ಖಾಲಿಯಲ್ಲ. ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ ಇರುತ್ತದೆ, ಅಲ್ಲಿ ಎಳೆಚಿಗುರು ಮೇಯ್ದರೆ ಜಗಳ ಖಚಿತ. ಬರುವಾಗಲೇ ಊರ ಹಿರಿಯರನ್ನು ಕಂಡು ಯಾವ ಗಡಿ ಎಂದು ಕೇಳಿಕೊಳ್ಳಲಿ. ವರ್ಷಕ್ಕೊಮ್ಮೆ ಬಂದು ಹೋಗುವವರನ್ನು ಸಹಿಸುವ ಊರು, ಪಕ್ಕದಲ್ಲೇ ಉಳಿಯುವವರಿಂದ ಬೇರೆ ನಡವಳಿಕೆ ಬಯಸುತ್ತದೆ. ಅದು ಅನ್ಯಾಯವೂ ಅಲ್ಲ.

ಪಹಣಿ

ಕಾಗದದ್ದು ಚಿಕ್ಕದಾಗಿ. ಜಮೀನು ಅವರ ಹೆಸರಲ್ಲಿ ಪಹಣಿಗೆ ಬಂದಿದೆಯೇ ಮೊದಲು ನೋಡಿ. ನೋಂದಣಿ ಆದರೆ ಮುಗಿಯಲಿಲ್ಲ, ಮ್ಯುಟೇಶನ್ (ಖಾತೆ ಬದಲಾವಣೆ) ಆಗಬೇಕು. ಮೂವರ ಜಂಟಿ ಹೆಸರಿದ್ದರೆ ಈಗಲೇ 11ಇ ನಕ್ಷೆ (ಭಾಗದ ಅಳತೆ ನಕ್ಷೆ) ಮಾಡಿಸಿ ಪೋಡಿ (ಪಾಲುಪಾಲಾಗಿ ಬೇರೆ ದಾಖಲೆ) ಮಾಡಿಕೊಳ್ಳುವುದು ಲೇಸು, ಮುಂದೆ ಸಾಲಕ್ಕೂ ಸಬ್ಸಿಡಿಗೂ ಒಬ್ಬರ ಸಹಿಗೆ ಇನ್ನೊಬ್ಬರು ಕಾಯುವುದು ತಪ್ಪುತ್ತದೆ. ಕೃಷಿ ಜಮೀನಿನಲ್ಲಿ ಹಿಡುವಳಿಯ ಶೇ. 10 ಮೀರದಂತೆ ಕೃಷಿಮನೆ, ಕೊಟ್ಟಿಗೆ ಕಟ್ಟಲು ಭೂ ಕಂದಾಯ ಕಾಯ್ದೆಯ 95ನೇ ಕಲಂ ಅವಕಾಶ ಕೊಡುತ್ತದೆ, ಅದಕ್ಕೆ ಭೂಪರಿವರ್ತನೆ ಬೇಡ. ಎರಡೂವರೆ ಎಕರೆಗೆ ಅದು 10 ಗುಂಟೆ. ಮೂರು ಮನೆ, ಕೊಟ್ಟಿಗೆ, ಮೇವಿನ ಗೂಡು ಎಲ್ಲ ಅದರೊಳಗೇ ಲೆಕ್ಕ ಹಾಕಿ.

ಪಹಣಿ ಆದ ಮೇಲೆ ಫ್ರೂಟ್ಸ್ (ಸರ್ಕಾರದ ರೈತರ ದಾಖಲೆ ತಂತ್ರಾಂಶ) ನೋಂದಣಿ. ಮತದಾರರ ಪಟ್ಟಿಗೆ ವಿಳಾಸ ಬದಲಿಸಲು ನಮೂನೆ 8. ಪಡಿತರ ಚೀಟಿ ವರ್ಗವಾಗುವವರೆಗೆ ಹಳೆಯ ಚೀಟಿಯಲ್ಲೇ ಇಲ್ಲಿನ ಅಂಗಡಿಯಲ್ಲಿ ಅಕ್ಕಿ ಪಡೆಯಬಹುದು. ಆಧಾರ್ ವಿಳಾಸ ಮೊದಲು ತಿದ್ದಿಸಿದರೆ ಉಳಿದದ್ದು ಸಲೀಸು. ಮಕ್ಕಳ ವಿಷಯದಲ್ಲಿ ಕಾಯಬೇಡಿ: 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ದಾಖಲಾತಿ ನಿರಾಕರಿಸುವಂತಿಲ್ಲ. ಶಾಲೆಗೇ ಹೋಗದ ಹತ್ತು ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದುಳಿದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು. ಮುಖ್ಯೋಪಾಧ್ಯಾಯರಿಗೆ ಇದನ್ನು ಗೌರವದಿಂದ ಹೇಳಿದರೆ ಕೆಲಸ ಆಗುತ್ತದೆ.

ಅರಣ್ಯದಲ್ಲಿ ಮೇಯಿಸುವ ಹಕ್ಕು ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಡಿ) ಅಲೆಮಾರಿ ಪಶುಪಾಲಕರ ಋತುಮಾನದ ಮೇವಿನ ಹಕ್ಕನ್ನು ಒಪ್ಪುತ್ತದೆ, ಅವರು ಊರಲ್ಲಿರುವ ಕಾಲದಲ್ಲೇ ಪರಿಶೀಲನೆ ನಡೆಯಬೇಕೆಂದು ನಿಯಮವೂ ಇದೆ. ಆದರೆ ಪರಿಶಿಷ್ಟ ಪಂಗಡದವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷದ ನಂಟು ತೋರಿಸಬೇಕು. ಇವರು ಬೇಸಿಗೆ ಕಳೆದ ಕಾಡು ಯಾವುದು, ಅಜ್ಜಂದಿರ ಕಾಲದಿಂದಲೂ ಅದೇ ದಾರಿಯೇ ಎಂಬುದನ್ನು ಊರಿನ ಹಿರಿಯರು ಬದುಕಿರುವಾಗಲೇ ಬರೆಸಿಡಲಿ. ನೆಲೆ ನಿಂತ ಮಾತ್ರಕ್ಕೆ ಆ ದಾರಿಯ ಹಕ್ಕನ್ನು ಬಿಡಬಾರದು.

ಮಂದೆ ಲೆಕ್ಕ

ಒಂದು ಸೇರಿಸುತ್ತೇನೆ. 180ರಿಂದ ಇಳಿಸುವಾಗ ಮೊದಲು ಮಾರಬೇಕಾದ್ದು ಹಲ್ಲು ಸವೆದ ಹಳೆ ಕುರಿ, ಎರಡು ಸಲ ಗರ್ಭ ನಿಲ್ಲದ್ದು, ಕುಂಟುವ ಚಾಳಿ ಇರುವುದು. ಟಗರು ಮರಿಗಳನ್ನು ಬಕ್ರೀದಿಗೆ ಸರಿಯಾಗಿ ಬಿಡಿ. ಹೋದ ವರ್ಷ ಇಲ್ಲಿನ ಚಳಿಗಾಲ ಕಂಡು ಆರೋಗ್ಯವಾಗಿರುವ ಎರಡರಿಂದ ನಾಲ್ಕು ಹಲ್ಲಿನ ಹೆಣ್ಣುಗಳನ್ನು ಉಳಿಸಿಕೊಳ್ಳಿ. ಗಟ್ಟಿ ಕಪ್ಪು ಗೊರಸಿನದ್ದಕ್ಕೆ ಆದ್ಯತೆ. ಟಗರನ್ನು ಹೆಣ್ಣುಗಳಿಂದ ಬೇರೆ ಕಟ್ಟಿ. ಕುರಿಗೆ ಗರ್ಭ ಐದು ತಿಂಗಳು, ಜುಲೈನಲ್ಲಿ ಮರಿ ಬಿದ್ದರೆ ಉಳಿಸುವುದು ಕಷ್ಟ. ಟಗರನ್ನು ಜೂನ್-ಜುಲೈನಲ್ಲಿ ಬಿಟ್ಟರೆ ಮರಿ ನವೆಂಬರ್-ಡಿಸೆಂಬರ್‌ಗೆ ಬೀಳುತ್ತದೆ, ಸುಗ್ಗಿಯ ಮೇವು ತಾಯಿಗೆ ಸಿಗುತ್ತದೆ. ಪೂರ್ವಕ್ಕೆ ಹೋದ ಮಂದೆಗೂ ಇದೇ ತಿಂಗಳು ಇಟ್ಟುಕೊಂಡರೆ ಎರಡೂ ಕಡೆಯ ಮರಿಗಳಿಗೆ ಲಸಿಕೆಯನ್ನು ಒಟ್ಟಿಗೆ ಹಾಕಿಸಬಹುದು.